ಯಾವ ಅರ್ಥದಲ್ಲಿ ಬೆಂಕಿ?

ಬೆಂಕಿಯನ್ನು ಆರಿಸುವ ಮೊದಲು ಅದರ ಅರ್ಥವನ್ನು ನಿರ್ಣಯಿಸತಕ್ಕದ್ದು ಎಂಬ ನಿಯಮ ಅಗ್ನಿಶಾಮಕ ಠಾಣೆಯಲ್ಲಿ ಜಾರಿಯಲ್ಲಿದೆ. ಕಾರಣವಿಲ್ಲದೆ ಬಂದ ನಿಯಮವಲ್ಲ. "ಸೊಸೆ ಬಂದು ಮನೆಗೆ ಬೆಂಕಿ ಇಟ್ಟಳು" ಎಂದು ಅತ್ತೆಯೊಬ್ಬರು ಫೋನ್ ಮಾಡಿದ್ದನ್ನು ನಂಬಿ ಹೋದ ಸಿಬ್ಬಂದಿ, ಉರಿಯುವುದೇನೂ ಕಾಣದೆ ಅತ್ತೆಯ ಮೇಲೇ ನೀರು ಬಿಟ್ಟು ಬಂದಿದ್ದರು. ಅಂದಿನಿಂದ ನಿಜಕ್ಕೂ ಉರಿಯುವ ವಾಚ್ಯ ಬೆಂಕಿ ಮಾತ್ರ ಠಾಣೆಗೆ. ಮಾತಿನಲ್ಲಷ್ಟೇ ಉರಿಯುವ ಲಾಕ್ಷಣಿಕ ಬೆಂಕಿ ಮಹಡಿಯ ಮೇಲಿನ ಸಾಂತ್ವನ ವಿಭಾಗಕ್ಕೆ.

ಇದೇನೂ ಗೊತ್ತಿಲ್ಲದ ದರ್ಜಿ ಒಂದು ಮಧ್ಯಾಹ್ನ ಎದುರು ರಸ್ತೆಯಿಂದ ಓಡಿಬಂದ. ಇಸ್ತ್ರಿ ಪೆಟ್ಟಿಗೆಯ ಕೆಂಡ ಸಿಡಿದು ಅವನ ಅಂಗಡಿ ಹೊತ್ತಿಕೊಂಡಿತ್ತು. ಒಳಗಿದ್ದ ಹೊಲಿಗೆ ಯಂತ್ರ ಹೋದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಹೆಂಡತಿ ಒಬ್ಬಳೇ ಕೊಡದಲ್ಲಿ ನೀರು ಹೊತ್ತು ಎರಚುತ್ತಿದ್ದಳು.

"ಸಾರ್, ಅಂಗಡಿಗೆ ಬೆಂಕಿ ಬಿದ್ದಿದೆ."

ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಯಾವ ಅರ್ಥದಲ್ಲಿ?"

"ಉರೀತಿದೆ ಸಾರ್."

"ಪಕ್ಕದ ಅಂಗಡಿಯವನ ವ್ಯಾಪಾರ ನೋಡಿದ್ರೂ ಉರಿಯುತ್ತಪ್ಪ. ಹೊಗೆ ಇದೆಯಾ?"

"ಕಿಟಕಿ ತೆಗೆದ್ರೆ ನಿಮಗೇ ಕಾಣುತ್ತೆ."

"ತೆಗೆಯೋ ಹಾಗಿಲ್ಲ. ಕಣ್ಣಾರೆ ಕಂಡುಬಿಟ್ರೆ ನಿರ್ಣಯ ನಿಷ್ಪಕ್ಷಪಾತ ಆಗಲ್ಲ."

ನಿರ್ಣಯ ಕೊಡಬೇಕಾದ ಪಂಡಿತರು ಊಟಕ್ಕೆ ಹೋಗಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಜನ ಆಡಿಕೊಳ್ಳುವುದುಂಟು. ಈ ಠಾಣೆಯಲ್ಲಿ ಬಾವಿಯೂ ಇತ್ತು, ನೀರು ತುಂಬಿದ ವಾಹನವೂ ಇತ್ತು, ಅರ್ಥವೊಂದೇ ಸಿಕ್ಕಿರಲಿಲ್ಲ. ಪಂಡಿತರು ಬಂದು, ಕೈ ಒರೆಸಿಕೊಂಡು, ದರ್ಜಿಯ ಸುಟ್ಟ ತೋಳನ್ನು ಮೂಸಿ ನೋಡಿ "ವಾಚ್ಯ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಹನ ಗಂಟೆ ಬಾರಿಸುತ್ತ ರಸ್ತೆ ದಾಟಿತು.

ಅಲ್ಲಿ ಬೂದಿಯಿತ್ತು. ಅಧಿಕಾರಿ ಬೆರಳಿಟ್ಟು ನೋಡಿ, "ತಣ್ಣಗಿದೆ. ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು.

"ನನ್ನ ಹೊಟ್ಟೆ ಉರೀತಿದೆ ಸಾರ್."

ಅಧಿಕಾರಿಯ ಮುಖ ಅರಳಿತು. "ನೋಡು, ಈಗ ಸರಿಯಾಗಿ ಹೇಳಿದೆ. ಅದಕ್ಕೆ ಮಹಡಿ ಮೇಲೆ ಹೋಗು."

ಸಾಂತ್ವನ ವಿಭಾಗ ದರ್ಜಿಗೆ ಠಾಣೆಯ ಮುಂಬಾಗಿಲಲ್ಲೇ ಕೆಲಸ ಕೊಡಿಸಿತು. ಎರಡೂ ಬಗೆಯ ಬೆಂಕಿ ಉಂಡ ಅನುಭವಸ್ಥ ಬೇರೆಲ್ಲಿ ಸಿಗುತ್ತಾನೆ? ಸಂಬಳ ಚೆನ್ನಾಗಿತ್ತು, ಕುರ್ಚಿ ಮೆತ್ತಗಿತ್ತು. ಹೊಟ್ಟೆಯ ಉರಿ ತಾನಾಗಿ ಆರಿತು.

ಒಂದು ಮಧ್ಯಾಹ್ನ ಅವನ ಹೆಂಡತಿ ಕೊಡ ಹಿಡಿದುಕೊಂಡೇ ಓಡಿಬಂದಳು.

"ರೀ, ಮನೆಗೆ ಬೆಂಕಿ ಬಿದ್ದಿದೆ."

ದರ್ಜಿ ಹೊಸ ಕನ್ನಡಕ ಒರೆಸಿಕೊಂಡ. "ಯಾವ ಅರ್ಥದಲ್ಲಿ?"

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಕೊಡ ಕೆಳಗಿಟ್ಟು, ನಿರ್ಣಯಕ್ಕೆ ಕಾಯುತ್ತಿದ್ದವರ ಸಾಲಿನ ಕೊನೆಗೆ ಹೋಗಿ ಕುಳಿತಳು. ಪಕ್ಕದವರು ಸರಿದು ಜಾಗ ಕೊಟ್ಟರು.