ಒಂಬತ್ತು ಇಂಚಿನ ಹೊಗೆಕೊಳವೆ ಹಾಗೂ ಅದರ ಮೇಲಿನ ಮಸಿಯ ಕುರಿತು

ಕಿರುಕಟ್ಟಡ ಮತ್ತು ಹೊಗೆಕೊಳವೆ ನಿಯಂತ್ರಣ ಇಲಾಖೆ
ಉಪವಿಭಾಗ ಕಚೇರಿ, ಕಡೂರು (ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳೂ ಸೇರಿ)

ಸಂಖ್ಯೆ: ಕಿಹೊನಿ/ಮಸಿ/ಅಜ್ಜಂ/17/2025-26
ದಿನಾಂಕ: 11.11.2025

ಸುತ್ತೋಲೆ

ವಿಷಯ: ಆಟಿಕೆ ರೈಲುಹಳಿಯ ಪಕ್ಕದಲ್ಲಿ ಬಿಡಿಭಾಗಗಳನ್ನು ಅಂಟಿಸಿ ಕಟ್ಟಲಾಗುವ ಕಾರ್ಖಾನೆಗಳನ್ನು ಹದ್ದುಬಸ್ತಿನಲ್ಲಿಡುವ ಬಗ್ಗೆ.

ಉಲ್ಲೇಖ: 1. ಒಂದು ಫೋಟೊ.
2. ಸದರಿ ಫೋಟೊ ನೋಡಿ ಹೊರಡಿಸಿದ ನೋಟಿಸ್.
3. ನೋಟಿಸಿಗೆ ಬಂದ ಉತ್ತರ (ಅನಗತ್ಯವಾಗಿ ಪ್ರಾಮಾಣಿಕವಾದದ್ದು).
4. ಶ್ರೀಮತಿ ವಿಶಾಲಾಕ್ಷಮ್ಮ ಅವರ ನಾಲ್ಕು ಅರ್ಜಿಗಳು (ಹುಡುಕಲಾಗುತ್ತಿದೆ).

ಪ್ರಸ್ತಾವನೆ:

ಅಜ್ಜಂಪುರದ ನಿವಾಸಿ, ರೈಲ್ವೆಯ ನಿವೃತ್ತ ಗೂಡ್ಸ್ ಗುಮಾಸ್ತ ಶ್ರೀ ಓಂಕಾರಮೂರ್ತಿ ಎಂಬುವವರು ತಮ್ಮ ನಡುಮನೆಯಲ್ಲಿ ಎರಡು ಮಂಚದಷ್ಟು ಅಗಲದ ಹಲಗೆಯ ಮೇಲೆ ಆಟಿಕೆ ರೈಲು ಓಡಿಸುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಕಳೆದ ಬೇಸಿಗೆಯಲ್ಲಿ ಅವರು ವಿದೇಶದ ಹಿಟ್ಟಿನ ಕಾರ್ಖಾನೆಯ ಕಿಟ್ ಒಂದನ್ನು ತರಿಸಿ, ಅದರ ಪ್ಲಾಸ್ಟಿಕ್ ತುಣುಕುಗಳಲ್ಲಿ ನೂರ ನಲವತ್ತಮೂರನ್ನು ಮೂರು ತಿಂಗಳು ಕೂತು ಅಂಟಿಸಿರುತ್ತಾರೆ. ಪೆಟ್ಟಿಗೆಯ ಮೇಲಿನ ಚಿತ್ರದಂತೆ ಕಟ್ಟಿದ್ದರೆ ಇಲಾಖೆಗೆ ತಕರಾರು ಇರುತ್ತಿರಲಿಲ್ಲ. ಆದರೆ ಸದರಿಯವರು ಚಾವಣಿಯನ್ನು ಕತ್ತರಿಸಿ, ಅದರ ಮೇಲೆ ಹೆಂಚಿನ ಗೆರೆ ಕೊರೆದು, ಒಂದು ಕಿಟಕಿ ಮುಚ್ಚಿ, ಬಾಗಿಲನ್ನು ಹಳಿಯ ಕಡೆಗೆ ತಿರುಗಿಸಿ, ತಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಸ್ಟೇಷನ್ ಪಕ್ಕ ಇದ್ದು ಈಗ ಇಲ್ಲದ ಕಡಲೆಕಾಯಿ ಎಣ್ಣೆ ಮಿಲ್ಲಿನಂತೆ ಮಾಡಿಕೊಂಡಿರುತ್ತಾರೆ.

ಬಣ್ಣ ತೀರಾ ಹೊಸದಾಗಿ ಹೊಳೆಯುತ್ತಿದ್ದುದರಿಂದ, ತಮ್ಮ ಮನೆಯ ಕಿಟಕಿದಂಡೆಯ ಮೇಲೆ ಕೂತಿದ್ದ ಮಸಿಯನ್ನು ಕುಂಚದಿಂದ ತೆಗೆದು ಮಿಲ್ಲಿನ ಗೋಡೆಗೆ ಸವರಿರುತ್ತಾರೆ. ಕಟ್ಟಡ ನಲವತ್ತು ವರ್ಷ ಹಳೆಯದಾಯಿತು. ಆ ಮಸಿ ಎಲ್ಲಿಂದ ಬಂತು ಎಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ (ಹಿಂದಿನ ಬೀದಿಯ ರೈಸ್ ಮಿಲ್ಲಿನಿಂದ).

ಪಕ್ಕದ ಮನೆಯ ಶಾಲಾ ಶಿಕ್ಷಕಿ ಶ್ರೀಮತಿ ಸುಮನಾ ಅವರು ಇದರ ಫೋಟೊವನ್ನು ಬಲು ಹತ್ತಿರದಿಂದ ತೆಗೆದು, “ನಮ್ಮೂರಿನ ಎಣ್ಣೆ ಮಿಲ್ಲು ವಾಪಸ್ ಬಂತು” ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದು, ಇಪ್ಪತ್ತನಾಲ್ಕು ಗಂಟೆಯೊಳಗೆ ಇಲಾಖೆಯು ಅನಧಿಕೃತ ಕಾರ್ಖಾನೆಯೆಂದು ನೋಟಿಸ್ ಜಾರಿ ಮಾಡಿರುತ್ತದೆ. ಉತ್ತರದಲ್ಲಿ ಓಂಕಾರಮೂರ್ತಿಯವರು, “ಕಾರ್ಮಿಕರು ಆರು ಜನ. ಎಲ್ಲರೂ ಪ್ಲಾಸ್ಟಿಕ್. ಎತ್ತರ ಎರಡು ಸೆಂಟಿಮೀಟರ್” ಎಂದು ಬರೆದಿರುತ್ತಾರೆ. ಎತ್ತರವನ್ನು ಪರಿಶೀಲಿಸಲಾಗಿ, ಅವರು ಅಪ್ರಾಪ್ತ ವಯಸ್ಕರಿರಬಹುದೆಂಬ ಗುಮಾನಿ ಮೂಡಿರುತ್ತದೆ.

ಸ್ಥಳ ತನಿಖೆ:

ದಿನಾಂಕ 16.10.2025ರಂದು ಪರಿವೀಕ್ಷಕ ಶ್ರೀ ರಾಜಶೇಖರ್ ಮತ್ತು ದ್ವಿತೀಯ ದರ್ಜೆ ಸಹಾಯಕ ಶ್ರೀ ಕನಕರಾಜು ನೂರಡಿ ಟೇಪಿನೊಂದಿಗೆ ಸ್ಥಳಕ್ಕೆ ಹೋಗಿ, ಹೇಳಿಕೆಗಳನ್ನು ಆಡಿದಂತೆಯೇ ದಾಖಲಿಸಿರುತ್ತಾರೆ.

ಓಂಕಾರಮೂರ್ತಿ: “ಸ್ವಾಮಿ, ಇದು ಆಟದ ಸಾಮಾನು. ಇದ್ರಲ್ಲಿ ಎಣ್ಣೆನೂ ಬರಲ್ಲ, ಹೊಗೆನೂ ಬರಲ್ಲ.”

ಪರಿವೀಕ್ಷಕರು: “ಮತ್ತೆ ಗೋಡೆ ಮೇಲೆ ಮಸಿ ಐತಲ್ರೀ?”

ಅವರ ಪತ್ನಿ ವಿಶಾಲಾಕ್ಷಮ್ಮ: “ಆ ಕಿಟಕಿ ತೆಗೀರಿ, ಗೊತ್ತಾಗ್ತದೆ. ಆರು ವರ್ಷದಿಂದ ಹೊಟ್ಟು ಸುಟ್ಟ ಬೂದಿ ಬೀಳ್ತಾ ಐತೆ. ಒಗೆದ ಬಟ್ಟೆ ಮತ್ತೆ ಒಗೀಬೇಕು. ಕೆಮ್ಮಿ ಕೆಮ್ಮಿ ಎದೆ ಹಿಡ್ಕೊಂಬಿಟ್ಟದೆ. ನಾಲ್ಕು ಅರ್ಜಿ ಕೊಟ್ಟೆ, ಒಬ್ರೂ ಈ ಕಡೆ ತಲೆ ಹಾಕ್ಲಿಲ್ಲ. ಗೇಣುದ್ದ ಮಿಲ್ಲು ನೋಡಾಕೆ ಇಬ್ಬರು ಬಂದವ್ರೆ!”

ಕಿಟಕಿಯನ್ನು ತೆರೆಯಲಿಲ್ಲ. ತನಿಖೆಯ ಆದೇಶದಲ್ಲಿ ಕಿಟಕಿಯ ಪ್ರಸ್ತಾಪ ಇರಲಿಲ್ಲ.

ಬಳಿಕ ಪರಿವೀಕ್ಷಕರು ಸತ್ಯಾಂಶ ತಿಳಿಯುವ ಸಲುವಾಗಿ ಒಂದು ಗಂಟೆ ನಲವತ್ತು ನಿಮಿಷ ರೈಲು ಓಡಿಸಿರುತ್ತಾರೆ. ವ್ಯಾಗನ್ನನ್ನು ಮಿಲ್ಲಿನ ಬಾಗಿಲಿಗೆ ನಿಲ್ಲಿಸಲು ಬಗ್ಗಿದಾಗ ಅದರ ಒಂಬತ್ತು ಇಂಚಿನ ಹೊಗೆಕೊಳವೆಯು ತನ್ನಷ್ಟಕ್ಕೆ ತಾನೇ ಮುರಿದು ಬಿದ್ದಿರುತ್ತದೆ. “ಯಾಕೆ ಸುಳ್ಳು ಬರೀತೀರಾ, ನಿಮ್ ತೋಳು ತಗ್ಲಿ ಬಿತ್ತು ಕಣ್ರೀ” ಎಂದ ವಿಶಾಲಾಕ್ಷಮ್ಮನವರ ಮಾತನ್ನು ಅಭಿಪ್ರಾಯವೆಂದು ಪರಿಗಣಿಸಲಾಗಿದೆ. ಓಂಕಾರಮೂರ್ತಿಯವರು ಕೊಳವೆಗೆ ಅಂಟು ಹಚ್ಚಿ, ಒಣಗುವವರೆಗೆ ಎರಡು ಬೆರಳಲ್ಲಿ ಹಿಡಿದು ಕೂತಿದ್ದರು. ಅಷ್ಟು ಹೊತ್ತೂ ಶ್ರೀ ಕನಕರಾಜು ಬಾಗಿಲ ಬಳಿ ಹೋಗಿ ಹೊರಗೆ ನೋಡುತ್ತ ನಿಂತಿದ್ದರು. ಹಾಗೆ ನಿಂತದ್ದಕ್ಕೆ ಅವರಿಂದ ಲಿಖಿತ ವಿವರಣೆ ಕೇಳಲಾಗಿದೆ.

ಮಿಲ್ಲಿನ ಗೋಡೆಯಿಂದ ಕೆರೆದು ತಂದ ಮಸಿಯನ್ನು ಪರೀಕ್ಷಿಸಲಾಗಿ, ಮಿತಿಗಿಂತ ಹನ್ನೊಂದು ಪಟ್ಟು ಅಪಾಯಕಾರಿ ಎಂದು ಸಾಬೀತಾಗಿರುತ್ತದೆ. ಕೂಡಲೇ ಆಟಿಕೆ ಮಿಲ್ಲಿಗೆ ಬೀಗಮುದ್ರೆ ಹಾಕಲಾಯಿತು. ಅರಗಿನ ಮುದ್ರೆ ಬಾಗಿಲಿಗಿಂತ ದೊಡ್ಡದಾದ್ದರಿಂದ ಉಳಿದ ಮೂರು ಕಿಟಕಿಗಳೂ ಮುಚ್ಚಿಹೋಗಿವೆ.

ಆದ್ದರಿಂದ ಎಲ್ಲ ಸಿಬ್ಬಂದಿ ಹಾಗೂ ಸಾರ್ವಜನಿಕರು ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ:

1. ಕಿಟ್ಟನ್ನು ಪೆಟ್ಟಿಗೆಯ ಚಿತ್ರದಂತೆಯೇ ಕಟ್ಟತಕ್ಕದ್ದು. ನೆನಪಿನಂತೆ ಕಟ್ಟಲು ಅವಕಾಶವಿಲ್ಲ. ನೆನಪಿಗೆ ಸರ್ವೆ ನಂಬರ್ ಇರುವುದಿಲ್ಲ.

2. ಪ್ರತಿ ತುಣುಕಿಗೂ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು. ಅಂಟು ಒಣಗುವ ದಿನಾಂಕವನ್ನು ಮೂವತ್ತು ದಿನ ಮುಂಚಿತವಾಗಿ ತಿಳಿಸತಕ್ಕದ್ದು.

3. ಪಾದಕ್ಕೆ ಅಂಟು ಹಾಕಿ ನಿಲ್ಲಿಸಿದ ಕಾರ್ಮಿಕರನ್ನು ಜೀತದಾಳುಗಳೆಂದು ಭಾವಿಸಲಾಗುವುದು. ಅವರನ್ನು ಚಾಕುವಿನಿಂದ ಬಿಡುಗಡೆಗೊಳಿಸಿ, ಪಾದ ಉಳಿದಿದ್ದಲ್ಲಿ ಮನೆಗೆ ಕಳುಹಿಸತಕ್ಕದ್ದು.

4. ಮಿಲ್ಲಿನ ಅಂಗಳಕ್ಕೆ ಅಂಟಿಸಲು ದನ ಮೇಯುವ ಎಮ್ಮೆದೊಡ್ಡಿ ಕಾವಲಿನಿಂದ ಒಂದು ಹಿಡಿ ಒಣಹುಲ್ಲು ತಂದಿರುವುದು ಕಂಡುಬಂದಿದೆ. ಇದರಿಂದ ಯಾವ ಹಸು ಹಸಿದಿದೆ ಎಂಬುದನ್ನು ಪತ್ತೆಹಚ್ಚಿ ವರದಿ ನೀಡಲು ಶ್ರೀ ಕನಕರಾಜು ಅವರನ್ನೇ ನೇಮಿಸಲಾಗಿದೆ.

5. ಹೊಗೆಯು ಗಿರಣಿಯಿಂದ ಹೊರಟ ಕ್ಷಣದಿಂದ ಗಿರಣಿಗೆ ಸೇರಿದ್ದಲ್ಲ. ಅದು ಯಾರ ಕಿಟಕಿಯ ಮೇಲೆ ಕೂರುವುದೋ ಅವರ ಸ್ವತ್ತು. ಎದೆಯೊಳಗೆ ಹೋದಲ್ಲಿ ಸ್ವಾಧೀನ ಪೂರ್ಣಗೊಂಡಂತೆ.

6. ಮಸಿ ಬೀಳುವ ಬೀದಿಗಳ ನಿವಾಸಿಗಳು ಕಿಟಕಿ ಮುಚ್ಚಿಕೊಂಡು ಸಹಕರಿಸತಕ್ಕದ್ದು. ಗಾಳಿಯಲ್ಲಿರುವವರೆಗೆ ಮಸಿಯು ಯಾವ ಇಲಾಖೆಗೂ ಬರುವುದಿಲ್ಲ.

7. ಬೀಗಮುದ್ರೆ ಮಿಲ್ಲಿಗೆ ಮಾತ್ರ ಹಾಕಿರುವುದರಿಂದ, ಸದರಿ ರೈಲು ಅಲ್ಲಿ ನಿಲ್ಲದೆ ಇನ್ನೂ ಓಡುತ್ತಿರುತ್ತದೆ. ಅಲ್ಲದೆ ಓಂಕಾರಮೂರ್ತಿಯವರು ಕಿಟ್ಟಿನಲ್ಲಿ ಮಿಕ್ಕ ತುಣುಕುಗಳಿಂದ ಈ ಇಲಾಖೆಯ ಕಚೇರಿಯನ್ನೇ ಕಟ್ಟುತ್ತಿರುವುದಾಗಿಯೂ, ಶ್ರೀ ಕನಕರಾಜು ಭಾನುವಾರಗಳಂದು ಅಲ್ಲಿಗೆ ಹೋಗಿ ಅಂಟು ಒಣಗುವವರೆಗೆ ಗೋಡೆ ಹಿಡಿದುಕೊಳ್ಳುತ್ತಿರುವುದಾಗಿಯೂ ತಿಳಿದುಬಂದಿದೆ. ಮರುತನಿಖೆಯಲ್ಲಿ ವಿಶಾಲಾಕ್ಷಮ್ಮನವರು ನೀಡಿದ ಹೇಳಿಕೆ: “ಇದಕ್ಕೆ ಮಸಿ ಹಚ್ಚಲ್ವಾ ಅಂತ ಯಜಮಾನ್ರನ್ನ ಕೇಳ್ದೆ. ದುಡಿದ ಕಟ್ಟಡಕ್ಕೆ ಮಾತ್ರ ಮಸಿ ಹಿಡಿಯೋದು ಕಣೇ, ಇದು ಹಿಂಗೇ ಬೆಳ್ಳಗಿರ್ಲಿ ಅಂದ್ರು.” ಕಚೇರಿಯ ಶುಚಿತ್ವವನ್ನು ಸಾರ್ವಜನಿಕರು ಗುರುತಿಸಿರುವುದಕ್ಕೆ ಇಲಾಖೆಯು ಸಂತೋಷ ವ್ಯಕ್ತಪಡಿಸುತ್ತದೆ. ಉಪನಿಯಂತ್ರಕರ ಕುರ್ಚಿಯನ್ನು ಮಾತ್ರ ಇನ್ನೂ ಅರ್ಧ ಸೆಂಟಿಮೀಟರ್ ಎತ್ತರಿಸತಕ್ಕದ್ದು.

ಸಹಿ/-
(ದೇವೀರಪ್ಪ)
ಉಪನಿಯಂತ್ರಕರು (ಪ್ರಭಾರ)

ಪ್ರತಿಗಳು:

1. ಲಕ್ಕವಳ್ಳಿ ಶಾಖೆಗೆ. ಅಲ್ಲಿ ಆಟಿಕೆ ರೈಲು ಇಲ್ಲದಿದ್ದರೂ ಆತಂಕಕ್ಕಾಗಿ.
2. ಚೌಳಹಿರಿಯೂರು ಶಾಖೆಯ ಸೂಚನಾ ಫಲಕಕ್ಕೆ. ಫಲಕ ಇದ್ದಲ್ಲಿ.
3. ಆರು ಮಂದಿ ಕಾರ್ಮಿಕರಿಗೆ. ಓದಿ ಹೇಳತಕ್ಕದ್ದು.
4. ಶ್ರೀಮತಿ ವಿಶಾಲಾಕ್ಷಮ್ಮ ಅವರಿಗೆ. ಐದನೇ ಅರ್ಜಿಯ ಖಾಲಿ ನಮೂನೆ ಸಹಿತ.
5. ಹಿಂದಿನ ಬೀದಿಯ ರೈಸ್ ಮಿಲ್ ಮಾಲೀಕರಿಗೆ ಕಳುಹಿಸುವ ಅಗತ್ಯವಿಲ್ಲ. ಕರಡನ್ನು ಅವರೇ ತಿದ್ದಿ ಕೊಟ್ಟಿರುತ್ತಾರೆ.