ಅವ್ವನ ಎಳೆ, ಮಾವನ ಹಗ್ಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಗಂಟು ಹಾಕಲು ಬರುವುದಿಲ್ಲ. ಹಾಕುವುದೇ ಇಲ್ಲವೆಂದಲ್ಲ, ಹಾಕುತ್ತೇನೆ. ಆದರೆ ನನ್ನ ಗಂಟುಗಳಲ್ಲಿ ಎರಡೇ ಬಗೆ. ನಿಲ್ಲಬೇಕಾದ ಹೊತ್ತಿನಲ್ಲಿ ಜಾರಿಹೋಗುವುದು ಒಂದು, ಬಿಚ್ಚಬೇಕಾದ ಹೊತ್ತಿನಲ್ಲಿ ಕಗ್ಗಂಟಾಗಿ ಕೂತುಬಿಡುವುದು ಇನ್ನೊಂದು. ಪ್ರೈಮರಿ ಶಾಲೆಯಲ್ಲಿ ನನ್ನ ಚಡ್ಡಿಯ ಲಾಡಿ ಮೊದಲನೆಯ ಬಗೆಯನ್ನು ಪ್ರಾರ್ಥನೆಯ ಸಾಲಿನಲ್ಲೂ ಎರಡನೆಯ ಬಗೆಯನ್ನು ಒಂದಕ್ಕೆ ಬಿಟ್ಟಾಗಲೂ ತೋರಿಸಿ, ಎರಡು ಕಡೆಯೂ ನನ್ನ ಮರ್ಯಾದೆ ಕಳೆದಿತ್ತು. ಮುಂದೆ ಬೆಲ್ಟು ಬಂತು. ಸದ್ಯ, ಇನ್ನು ಈ ಜನ್ಮಕ್ಕೆ ಗಂಟಿನ ಹಂಗಿಲ್ಲ ಎಂದುಕೊಂಡೆ. ಕಾರು ಕೊಳ್ಳುವವರೆಗೂ ಹಾಗೇ ಅಂದುಕೊಂಡಿದ್ದೆ. ಕಾರು ಇಟ್ಟುಕೊಂಡವನಿಗೆ, ಅದರಲ್ಲೂ ನನ್ನಂತೆ ಮೂರನೆಯ ಕೈ ಕಾರು ಇಟ್ಟುಕೊಂಡವನಿಗೆ, ಪೆಟ್ರೋಲಿಗಿಂತ ಹಗ್ಗ ಮುಖ್ಯವೆಂದು ಯಾರೂ ಹೇಳಿರಲಿಲ್ಲ.

ನಾಚಿಕೆಯ ಸಂಗತಿಯೆಂದರೆ ನಾನು ಹುಟ್ಟಿದ್ದೇ ಗಂಟಿನ ಮನೆಯಲ್ಲಿ. ನಮ್ಮದು ಮೊಳಕಾಲ್ಮೂರಿನ ನೇಯ್ಗೆಯ ಮನೆ. ಮಗ್ಗದಲ್ಲಿ ರೇಷ್ಮೆಯ ಎಳೆ ಕಡಿದರೆ ಅವ್ವ ಹೆಬ್ಬೆರಳಿಗೆ ಒಂದು ಚಿಟಿಕೆ ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನು ಹಿಡಿದು, ಏನೋ ಮಾಡುತ್ತಿದ್ದಳು. ಅದು ಏನು ಎಂದು ನೋಡಲು ನಾನು ಎಷ್ಟೋ ಮಧ್ಯಾಹ್ನ ಮಗ್ಗದ ಪಕ್ಕ ಮಲಗಿ ಕಣ್ಣು ಬಿಟ್ಟುಕೊಂಡು ಕಾದಿದ್ದೇನೆ. ಹಂಚಿನ ಸಂದಿಯಿಂದ ಬಿಸಿಲು ಒಂದು ಕೋಲಿನಂತೆ ಇಳಿದಿರುತ್ತಿತ್ತು. ಲಾಳಿ ಆ ಕಡೆ ಈ ಕಡೆ ಓಡುವ ಸದ್ದಿಗೆ ಕಣ್ಣು ಎಳೆಯುತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಟು ಬಿದ್ದು, ಬಟ್ಟೆಯೊಳಗೆ ಸೇರಿ, ಎಲ್ಲಿದೆಯೆಂದು ಅವ್ವನಿಗೂ ತೋರಿಸಲಾಗುತ್ತಿರಲಿಲ್ಲ. ನಾನು ಕಲಿತದ್ದು ನಿದ್ದೆ ಮಾಡುವುದನ್ನು ಮಾತ್ರ. ಆ ವಿದ್ಯೆ ಮುಂದೆ ಚಳ್ಳಕೆರೆಯ ಕಚೇರಿಯಲ್ಲಿ ಗುಮಾಸ್ತನಾದಾಗ ನನ್ನ ಕೈ ಹಿಡಿಯಿತು.

ಮದುವೆಯೂ ಗಂಟಿನ ಮನೆಗೇ ಆಯಿತು. ಮಂಜುಳ ದೊಡ್ಡಉಳ್ಳಾರ್ತಿಯವಳು. ಅವಳಪ್ಪ, ಅಂದರೆ ನಮ್ಮ ಮಾವ ಓಬಯ್ಯನವರು, ಹುಲ್ಲುಗಾವಲಿನ ಅಂಚಿನಲ್ಲಿ ದನ, ಕುರಿ ಮೇಯಿಸಿಕೊಂಡು ಬಂದ ಮನೆಯವರು. ಕೂತಲ್ಲಿ ಕತ್ತಾಳೆ ನಾರು ಹೊಸೆಯುವುದು, ಕರುವಿನ ಕೊರಳಿಗೆ ಕುಣಿಕೆ ಹಾಕುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಆ ಮದುವೆಯ ದಿನ ನಡೆದದ್ದೇ ನಮ್ಮ ಸಂಸಾರದ ದೊಡ್ಡ ಜಗಳ. ಮಾವನ ಮನೆಯ ಪದ್ಧತಿಯಂತೆ ಹಸೆಗೆ ಕರಿಕಂಬಳಿ ಹಾಸಿದರು. ಅವ್ವ ಮೂರು ತಿಂಗಳು ಕೂತು ಸೊಸೆಗೆಂದು ತಾನೇ ನೇಯ್ದ ರೇಷ್ಮೆ ಸೀರೆ ಹೆಣ್ಣಿನ ಮೈಮೇಲಿತ್ತು. “ಕಂಬಳಿ ಮೇಲೆ ಕೂತ್ರೆ ಎಳೆ ಕಿತ್ತು ಬರ್ತೈತೆ, ಮೇಲೊಂದು ಪಂಚೆ ಹಾಸ್ರಿ” ಎಂದಳು ಅವ್ವ. “ನಮ್ಮ ಕಂಬಳಿ ದೇವ್ರು. ದೇವ್ರ ಮೇಲೆ ಪಂಚೆ ಮುಚ್ತಾರೇನ್ರಿ?” ಎಂದರು ಮಾವ. ಮಂಜುಳ ಕಂಬಳಿಯ ಮೇಲೇ ಕೂತಳು, ಎದ್ದಾಗ ಸೀರೆಯಲ್ಲಿ ಒಂದು ಎಳೆ ಎದ್ದಿತ್ತು. ಒಂದೇ ಒಂದು ಎಳೆ. ಅಲ್ಲಿಂದ ನಾಲ್ಕು ವರ್ಷ ಬೀಗರಿಬ್ಬರೂ ಒಬ್ಬರಿಗೊಬ್ಬರು ಮಾತಾಡಲಿಲ್ಲ.

ನಾವು ಚಳ್ಳಕೆರೆಯಲ್ಲಿ ಮನೆ ಕಟ್ಟಿಸಲು ಹೊರಟಾಗ ನಾನೊಂದು ಉಪಾಯ ಮಾಡಿದೆ. ತಲೆಬಾಗಿಲ ಚೌಕಟ್ಟಿಗೆ ಮಾವನ ಹೊಲದ ಬೇವಿನ ಮರ ತರಿಸುವುದು, ಕೆತ್ತನೆಯನ್ನು ಅವ್ವನ ಮಗ್ಗ ರಿಪೇರಿ ಮಾಡುವ ಮೊಳಕಾಲ್ಮೂರಿನ ಆಚಾರಿಗೆ ಕೊಡುವುದು. ಮರ ಅವರದು, ಉಳಿ ಇವರದು; ಬಾಗಿಲ ನೆಪದಲ್ಲಾದರೂ ಎರಡು ಮಾತಾಡಲಿ ಎಂದು. ಇಬ್ಬರೂ ಒಪ್ಪಿದರು, ಬೇರೆ ಬೇರೆಯಾಗಿ. ಬಾಗಿಲು ನಿಲ್ಲಿಸುವ ಶಾಸ್ತ್ರಕ್ಕೆ ಹನ್ನೊಂದು ಗಂಟೆಯೊಳಗೆ ಮುಹೂರ್ತವಿತ್ತು. ಚೌಕಟ್ಟು ತರಲು ಹಿಂದಿನ ದಿನ ನಾನು ಮೊಳಕಾಲ್ಮೂರಿಗೆ ಹೊರಡುವಾಗ ಮಂಜುಳ ಹೇಳಿದಳು: “ನಂಗೆ ಚಿನ್ನ ಬೇಡ, ಸೀರೆ ಬೇಡ. ನಮ್ಮಪ್ಪ, ಅತ್ತೆ ಇಬ್ರೂ ಮಾತಾಡ್ಕೊಂಡು ಆ ಬಾಗ್ಲೊಳಗೆ ಬರ್ಬೇಕು. ಅಷ್ಟು ಮಾಡ್ರಿ ಸಾಕು.” ಇದಕ್ಕಿಂತ ಚಿನ್ನ ಅಗ್ಗವಾಗಿತ್ತು.

ಬೆಳಿಗ್ಗೆ ಆಚಾರಿಯ ಅಂಗಳದಲ್ಲಿ ಚೌಕಟ್ಟನ್ನು ಕಾರಿನ ತಲೆಯ ಮೇಲಿನ ಕ್ಯಾರಿಯರಿಗೆ ಏರಿಸಿದೆವು. ನನ್ನ ಜೊತೆ ಬಂದಿದ್ದ ಮಾವ ಊರಿಂದ ತಮ್ಮದೇ ಕತ್ತಾಳೆ ಹಗ್ಗ ತಂದಿದ್ದರು. “ಸರೀರಿ, ನಾನು ಬಿಗೀತೀನಿ” ಎಂದು ಮುಂದೆ ಬಂದರು. ಕಾರು ನನ್ನದು, ಮನೆ ನನ್ನದು, ಹಗ್ಗ ಮಾತ್ರ ಮಾವನದೇ ಎಂದು ನನ್ನ ಅಭಿಮಾನ ಕೆರಳಿತು. ಪೇಟೆಯಲ್ಲಿ ಹತ್ತು ಮಾರು ಹೊಸ ನೈಲಾನ್ ಹಗ್ಗ ಕೊಂಡಿದ್ದೆ, ಹಳದಿ ಬಣ್ಣದ್ದು, ಮುಟ್ಟಿದರೆ ಜಾರುವಷ್ಟು ನುಣುಪು. ಅದರಲ್ಲೇ ಕಟ್ಟಿದೆ. ನನ್ನ ಕಟ್ಟುವ ಕ್ರಮ ಕಚೇರಿಯದು: ಒಂದು ಗಂಟಿನ ಮೇಲೆ ನಂಬಿಕೆಯಿಲ್ಲದ್ದರಿಂದ ಮೇಲೊಂದು, ಅದನ್ನು ದೃಢೀಕರಿಸಲು ಇನ್ನೊಂದು. ಹದಿನಾಲ್ಕರವರೆಗೆ ಎಣಿಸಿದ್ದು ನೆನಪಿದೆ. ಮಾವ ತಮ್ಮ ಹಗ್ಗವನ್ನು ಸುತ್ತಿ ಡಿಕ್ಕಿಯಲ್ಲಿ ಇಟ್ಟರು. ಅವ್ವ ನನ್ನ ಗಂಟನ್ನು ನೋಡಿ ಆಚೆ ಮುಖ ತಿರುಗಿಸಿದಳು. ನಾಲ್ಕು ವರ್ಷದಲ್ಲಿ ಅವರಿಬ್ಬರ ಅಭಿಪ್ರಾಯ ಒಂದಾದದ್ದು ಅದೇ ಮೊದಲು, ಆದರೆ ಇಬ್ಬರೂ ಬಾಯಿ ಬಿಡಲಿಲ್ಲ.

ಮಾವ ಮುಂದೆ, ಅವ್ವ ಹಿಂದೆ ಕೂತರು. ಮಾತೆಲ್ಲ ನನ್ನ ಮೂಲಕವೇ ಹೋಗಬೇಕು. “ಲೇ ಸೂರಿ, ಗಾಳಿ ಬರ್ತೈತೆ, ಗ್ಲಾಸು ಏರ್ಸಾಕೆ ಹೇಳು ನಿಮ್ಮ ಮಾವನಿಗೆ” ಎಂದಳು ಅವ್ವ. ನಾನು ಬಾಯಿ ತೆರೆಯುವುದರೊಳಗೆ ಮಾವ ಏರಿಸಿಯಾಗಿತ್ತು. “ಏರ್ಸಿದೀನಿ ಅಂತ ಹೇಳ್ರಿ ನಿಮ್ಮವ್ವಾರಿಗೆ” ಎಂದರು. ನಾನು ಎರಡು ಕಡೆಗೂ ಹೇಳಿದೆ. ಹೀಗೆ ಹತ್ತಿಪ್ಪತ್ತು ಸಲ ಅಂಚೆ ಹಂಚಿದೆ. ಬಂಡೆಗುಡ್ಡಗಳು ಹಿಂದೆ ಸರಿದು ಕೆಂಪು ಹೊಲಗಳು ಬಂದವು. ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ಮುಂಗಾಜಿನ ಮೇಲಂಚಿನಲ್ಲಿ ಚೌಕಟ್ಟಿನ ತುದಿ ಸ್ವಲ್ಪ ಕಾಣುತ್ತಿತ್ತು. ಅದನ್ನು ನೋಡುತ್ತ ನನ್ನ ಮನಸ್ಸು ಎಲ್ಲೋ ಹೋಯಿತು. ತಲೆಯ ಮೇಲೆ ಬಾಗಿಲು ಆಕಾಶಕ್ಕೆ ತೆರೆದು ಮಲಗಿದೆ. ಅದರೊಳಗಿಂದ ಮೋಡಗಳು ಒಂದೊಂದಾಗಿ ದಾಟುತ್ತಿವೆ, ಹದ್ದೊಂದು ಹೊಸ್ತಿಲು ದಾಟಿ ಹೋಗುತ್ತಿದೆ. ಇನ್ನೂ ಗೋಡೆಯಿಲ್ಲ, ಸೂರಿಲ್ಲ, ಆದರೂ ಯಾರ್ಯಾರೋ ನಮ್ಮ ಮನೆಗೆ ಬಂದು ಹೋಗುತ್ತಿದ್ದಾರೆ ಎನಿಸಿತು. ತುಂಬ ಸುಖವಾಗಿತ್ತು. ಆ ಸುಖದಲ್ಲಿ ಎಂಜಿನ್ ಸದ್ದು ನಿಂತದ್ದು ನನಗೆ ತಿಳಿಯಲೇ ಇಲ್ಲ. “ಅಳಿಯ ದೇವ್ರೆ, ಗಾಡಿ ನಿಂತೈತೆ” ಎಂದು ಮಾವ ಎಬ್ಬಿಸಿದರು.

ತಳಕು ದಾಟಿ ಸ್ವಲ್ಪ ದೂರ ಬಂದಿದ್ದೆವು. ಬಾನೆಟ್ ಎತ್ತಿ ನೋಡಿದೆ. ಎತ್ತಿದರೆ ನನಗೆ ಏನಾದರೂ ತಿಳಿಯುತ್ತದೆ ಎಂದಲ್ಲ, ಹಾಗೆ ಮಾಡುವುದು ಪದ್ಧತಿ. ಮೊಬೈಲ್ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಗಂಟೆ ಒಂಬತ್ತಾಗಿತ್ತು. ಅಷ್ಟರಲ್ಲಿ ಶೇಂಗಾ ಮೂಟೆ ಹೇರಿಕೊಂಡ ಟ್ರ್ಯಾಕ್ಟರ್ ಒಂದು ಎಣ್ಣೆ ಮಿಲ್ಲಿಗೆಂದು ಚಳ್ಳಕೆರೆ ಕಡೆ ಹೊರಟಿದ್ದು ನಮ್ಮ ಪಕ್ಕ ನಿಂತಿತು. ಓಡಿಸುತ್ತಿದ್ದವನು ತಿಪ್ಪೇಸ್ವಾಮಿ ಎಂಬ ದೊಡ್ಡ ಮೀಸೆಯ ಆಸಾಮಿ. ಕಾರಿನ ತಲೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಕೇಳಿದ: “ಏನ್ ಸಾರ್, ಬಾಗ್ಲು ಮುಂದೆ ಹೊಂಟೈತೆ, ಮನೆ ಹಿಂದ್ಗಡೆ ಬರ್ತೈತಾ?” ವಿಷಯ ಹೇಳಿದೆ. ಎಳೆದುಕೊಂಡು ಹೋಗಲು ಒಪ್ಪಿದ. “ಹಗ್ಗ ಮಾತ್ರ ಉದ್ದ ಇರ್ಬೇಕು ಸಾರ್. ಮೋಟು ಹಗ್ಗ ಆದ್ರೆ ನಾನು ಬ್ರೇಕ್ ಹಾಕಿದಾಗ ನೀವು ನನ್ನ ಟ್ರೈಲರ್ ಒಳಗೆ ಇರ್ತೀರಿ.”

ಮಾವನ ಕತ್ತಾಳೆ ಹಗ್ಗ ಗಟ್ಟಿ, ಆದರೆ ಮೋಟು. ನನ್ನ ನೈಲಾನಿನಲ್ಲಿ ಚೌಕಟ್ಟಿಗೆ ಬಿಗಿದು ಉಳಿದ ಐದು ಮಾರು ಇತ್ತು. ತಿಪ್ಪೇಸ್ವಾಮಿಯ ಕುಡುಗೋಲಿನಿಂದ ಅದನ್ನು ಕತ್ತರಿಸಿ, ಎರಡು ಪದರ ಮಾಡಿ, ಎರಡು ಹಗ್ಗಗಳನ್ನೂ ಸೇರಿಸಿ ನಾನೇ ಗಂಟು ಹಾಕಿದೆ. ಟ್ರ್ಯಾಕ್ಟರ್ ಹೊರಟಿತು. ನಾನು ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕೂತೆ. ಟ್ರ್ಯಾಕ್ಟರ್ ದೂರವಾಗುತ್ತ ಹೋಯಿತು, ನಾವು ಅಲ್ಲೇ ಇದ್ದೆವು. ತಿಪ್ಪೇಸ್ವಾಮಿ ಒಂದು ಫರ್ಲಾಂಗು ಹೋದ ಮೇಲೆ ತಿರುಗಿ ನೋಡಿ, ಅಷ್ಟೂ ದೂರ ರಿವರ್ಸ್ ಬಂದ. ಮಾವ ನನ್ನನ್ನು ಮೆಲ್ಲಗೆ ಸರಿಸಿ ತಮ್ಮ ಗಂಟು ಹಾಕಿದರು. ಕಾರಿನ ಕೊಕ್ಕೆಗೂ ಟ್ರೈಲರಿಗೂ ಅವರು ಹಾಕಿದ ಕುಣಿಕೆ ಕಲ್ಲಿನಂತೆ ನಿಂತಿತು, ನಡುವಿನ ಗಂಟು ಮಾತ್ರ ಮತ್ತೆ ಜಾರಿತು. “ಕತ್ತಾಳೆಗೆ ಕತ್ತಾಳೆ ಆದ್ರೆ ಕಚ್ಕೊಂತೈತೆ. ಇದು ಹಗ್ಗ ಅಲ್ಲ, ಹಾವು” ಎಂದು ಮಾವ ನೈಲಾನನ್ನು ರಸ್ತೆಯ ಮೇಲೆ ಬಿಟ್ಟರು. ಒಂಬತ್ತೂವರೆಯಾಯಿತು. ನನಗೆ ನಿಜವಾಗಿ ಅಳು ಬರುವಂತಾಯಿತು. ಮುಹೂರ್ತವೂ ಹೋಯಿತು, ಮಂಜುಳ ಕೇಳಿದ ಒಂದೇ ಒಂದು ಮಾತೂ ಹೋಯಿತು ಎನಿಸಿತು.

ಆಗ ಕಾರಿನ ಹಿಂದಿನ ಬಾಗಿಲು ತೆರೆದು ಅವ್ವ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯ ಪಕ್ಕ ಕೂತು, ಒಂದು ಚಿಟಿಕೆ ಕೆಮ್ಮಣ್ಣನ್ನು ಹೆಬ್ಬೆರಳಿಗೆ ಹಚ್ಚಿಕೊಂಡಳು. “ರೇಷ್ಮೆಗೆ ಜರಿ ಕೂಡ್ಸೋದೂ ಹಿಂಗೇ. ಒಂದು ದಪ್ಪ, ಒಂದು ನುಣ್ಣಗೆ” ಎಂದಳು, ಯಾರಿಗೂ ಅಲ್ಲದ ಹಾಗೆ. ದಪ್ಪ ಹಗ್ಗದ ತುದಿಯನ್ನು ಮಡಿಸಿ ಹಿಡಿದಳು. ನೈಲಾನನ್ನು ಆ ಮಡಿಕೆಯೊಳಗಿಂದ ಮೇಲಕ್ಕೆ ತಂದು, ಹಿಂದಿನಿಂದ ಮಡಿಕೆಯ ಎರಡೂ ಎಳೆಗಳನ್ನು ಬಳಸಿ, ತಿರುಗಿ ನೈಲಾನಿನ ಅಡಿಯಲ್ಲೇ ಅದರ ತುದಿಯನ್ನು ನುಸುಳಿಸಿ ಜಗ್ಗಿದಳು. ನಾನು ಹತ್ತು ವರ್ಷದವನಿದ್ದಾಗ ನೋಡಲು ಕಾದಿದ್ದು ಅದನ್ನೇ; ಈ ಸಲ ನಿದ್ದೆ ಬರಲಿಲ್ಲ. ಮಾವ ಕುಕ್ಕರಗಾಲಲ್ಲಿ ಕೂತು ದಿಟ್ಟಿಸಿ ನೋಡುತ್ತಿದ್ದರು.

“ಅಕ್ಕಾ,” ಎಂದರು ಮಾವ, “ಇನ್ನೊಂದ್ಸಲ ಹಾಕ್ರಿ ಅದನ್ನ.”

ಅವ್ವ ನನ್ನ ಮುಖ ನೋಡಿದಳು. ನಾನು ತಲುಪಿಸಬೇಕಾದ ಮಾತೋ ಏನೋ ಎಂದು ಕಾದಳು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಆಮೇಲೆ ಅವಳು ಗಂಟು ಬಿಚ್ಚಿ, ನಿಧಾನವಾಗಿ ಇನ್ನೊಂದು ಸಲ ಹಾಕಿದಳು.

“ಇದು ನಮ್ಮ ಕರುವಿನ ಕುಣಿಕೆ ಅಲ್ವೇನ್ರಿ?” ಎಂದು ಮಾವ ಕಾರಿನ ಕೊಕ್ಕೆಯಲ್ಲಿದ್ದ ತಮ್ಮ ಕುಣಿಕೆಯನ್ನು ತೋರಿಸಿದರು. “ಎಷ್ಟೇ ಜಗ್ಗಿದ್ರೂ ಕರುವಿನ ಕೊರಳು ಬಿಗಿಬಾರ್ದು ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು. ಒಳಗಿಂದ ಮೇಲೆ ಬಾ, ಹಿಂದೆ ಬಳಸು, ಬಂದ ದಾರೀಲೇ ಒಳಕ್ಕೆ ಹೋಗು.”

ಅವ್ವ ಬಗ್ಗಿ ಆ ಕುಣಿಕೆಯನ್ನು ಬೆರಳಿಂದ ತಡವಿ ನೋಡಿದಳು. ಅವಳ ಕೈಗೆ ತಿಳಿಯದ್ದು ಕಣ್ಣಿಗೆ ತಿಳಿಯುವುದಿಲ್ಲ. “ಹೌದಲ್ಲ. ನಾವು ಎರಡು ಎಳೇಲಿ ಹಾಕ್ತೀವಿ, ನೀವು ಒಂದೇ ಹಗ್ಗದಾಗೆ ಹಾಕೀರಿ. ಗಂಟು ಒಂದೇ.” ಕುಣಿಕೆಯಿಂದ ಬೆರಳು ತೆಗೆಯದೆ ಅಂದಳು: “ಅವತ್ತು ಎದ್ದಿದ್ದು ಒಂದೇ ಎಳೆ. ನಾನು ಮಾರನೇ ದಿನವೇ ಸರಿ ಮಾಡ್ದೆ. ಹೇಳಾಕೆ ಆಗ್ಲಿಲ್ಲ ಅಷ್ಟೆ.”

“ಒಂದು ಪಂಚೆ ಹಾಸಿದ್ರೆ ನಮ್ಮ ದೇವ್ರಿಗೇನು ಉಸಿರು ಕಟ್ತಿರ್ಲಿಲ್ಲ ಬಿಡ್ರಿ” ಎಂದರು ಮಾವ.

ನಾನು ಟ್ರ್ಯಾಕ್ಟರಿನ ಆ ಕಡೆ ಹೋಗಿ ನಿಂತುಕೊಂಡೆ. ಕಾರು ತಾನಾಗಿ ಚಾಲೂ ಆಗಿದ್ದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ತಿಪ್ಪೇಸ್ವಾಮಿ ಮಾತ್ರ ಶೇಂಗಾ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತ, “ಪದಂಡಿ ಸಾರ್, ಹೊರಡಾಣ, ಬೀಗತನ ಆಮ್ಯಾಕೆ ಮಾಡ್ಕಳ್ರಿ” ಎಂದ.

“ಮುಂದೆ ಕೂತು ನಾನು ಮಾಡೋದೇನೈತೆ” ಎಂದು ಮಾವ ಹಿಂದಿನ ಸೀಟಿಗೆ ಬಂದರು. ಟ್ರ್ಯಾಕ್ಟರ್ ಹೊರಟಿತು, ಹಗ್ಗ ಬಿಗಿಯಿತು, ಗಂಟು ನಿಂತಿತು. ಎಂಜಿನ್ ಇಲ್ಲದ ಕಾರಿನಲ್ಲಿ ಹೋಗುವುದು ಎಷ್ಟು ಹಿತವೆಂದು ಆವತ್ತೇ ಗೊತ್ತಾಯಿತು. ಗೇರಿಲ್ಲ, ಅವಸರವಿಲ್ಲ, ಯಾರೋ ತೊಟ್ಟಿಲ ಹಗ್ಗ ಹಿಡಿದು ನಿಧಾನಕ್ಕೆ ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದಾರೆ ಎನ್ನುವಂತೆ ಹೊಲಗಳು, ಬೇವಿನ ಮರಗಳು, ಮೈಲಿಗಲ್ಲುಗಳು ಬಂದು ಹೋದವು. ಹಿಂದಿನ ಸೀಟಿನಲ್ಲಿ ಜಗಳ ಶುರುವಾಗಿತ್ತು. ಆ ಗಂಟು ಮೊದಲು ಮಗ್ಗದಲ್ಲಿ ಹುಟ್ಟಿತೋ ಕೊಟ್ಟಿಗೆಯಲ್ಲಿ ಹುಟ್ಟಿತೋ ಎಂಬುದೇ ಜಗಳ. “ದನ ಮೊದ್ಲೋ ಸೀರೆ ಮೊದ್ಲೋ ನೀವೇ ಹೇಳ್ರಿ” ಎನ್ನುತ್ತಿದ್ದರು ಮಾವ. “ದನ ಕಾಯೋನು ಬೆತ್ತಲೆ ಹೋಗ್ತಿದ್ನೇನು?” ಎನ್ನುತ್ತಿದ್ದಳು ಅವ್ವ. ನಾನು ಯಾವ ಕಡೆಗೂ ಏನೂ ತಲುಪಿಸಬೇಕಾಗಿರಲಿಲ್ಲ. ಬಾಗಿಲು ತಲೆಯ ಮೇಲೆ ಆಕಾಶಕ್ಕೆ ತೆರೆದೇ ಇತ್ತು. ಈ ದಾರಿ ಚಳ್ಳಕೆರೆಯಲ್ಲಿ ನಿಲ್ಲದೆ ಹೀಗೇ ಮುಂದೆ ಹೋಗಲಿ ಎನಿಸಿತು. ಆದರೆ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಬಂತು, ಊರು ಬಂದುಬಿಟ್ಟಿತು.

ಸೈಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಮಂಜುಳ ಮೊದಲು ಟ್ರ್ಯಾಕ್ಟರ್ ನೋಡಿ ಗಾಬರಿಯಾದಳು. ಆಮೇಲೆ ಹಿಂದಿನ ಸೀಟಿನಿಂದ ಕೈ ತಿರುಗಿಸಿ ವಾದ ಮಾಡುತ್ತ ಇಳಿದ ಇಬ್ಬರನ್ನೂ ನೋಡಿ, ತಟ್ಟೆಯನ್ನು ಪುರೋಹಿತರ ಕೈಗೆ ಕೊಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಳೆದು ತಂದ ಗಂಟನ್ನು ಅವ್ವ ಹೆಬ್ಬೆರಳಿಂದ ಒಂದಿಷ್ಟು ಹಿಂದಕ್ಕೆ ನೂಕಿದಳು, ಅಷ್ಟಕ್ಕೇ ಸಡಿಲವಾಗಿ ಬಿಚ್ಚಿಕೊಂಡಿತು. ಚೌಕಟ್ಟಿನ ಮೇಲಿನ ನನ್ನ ಗಂಟು ಮಾತ್ರ ಉಳಿಯಿತು. ಹತ್ತೂ ಮುಕ್ಕಾಲಾಗಿತ್ತು. ಮಾವ ಹತ್ತಿ ನೋಡಿದರು, ಆಗಲಿಲ್ಲ. ಅವ್ವ ಕುರ್ಚಿ ಹಾಕಿಸಿಕೊಂಡು ಹತ್ತಿ ನೋಡಿದಳು. “ನಲ್ವತ್ತು ವರ್ಷ ರೇಷ್ಮೆ ಸಿಕ್ಕು ಬಿಡ್ಸಿದೀನಿ. ಇಂಥದ್ದು ನೋಡಿಲ್ಲ” ಎಂದಳು. ಅದಕ್ಕೆ ಮಾವ, “ಇದಕ್ಕೆ ತಲೆನೂ ಇಲ್ಲ, ಬಾಲನೂ ಇಲ್ಲ ಕಣಕ್ಕ” ಎಂದರು. ಇಬ್ಬರೂ ಒಟ್ಟಿಗೆ ನಕ್ಕರು, ನನ್ನ ಕಡೆ ನೋಡಿಕೊಂಡು. ಕೊನೆಗೆ ಕುಡುಗೋಲೇ ಬಂತು. ಗಂಟಿನ ಎರಡೂ ಕಡೆ ಹಗ್ಗ ಕತ್ತರಿಸಿ ಬಾಗಿಲು ಇಳಿಸಿದರು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅದು ನೆಟ್ಟಗೆ ನಿಂತಿತು. ಬೀಗರಿಬ್ಬರೂ ಮಾತಾಡುತ್ತಲೇ ಅದರೊಳಗೆ ದಾಟಿದರು. ಗೋಡೆಯಿಲ್ಲದಿದ್ದರಿಂದ ಒಳಗೆ ಹೋದ ಮೇಲೂ ನಮಗೆಲ್ಲ ಚೆನ್ನಾಗಿ ಕಾಣುತ್ತಿದ್ದರು.

ಕತ್ತರಿಸಿದ ಗಂಟು ಬೆಲ್ಲದುಂಡೆಯಷ್ಟು ದಪ್ಪವಿತ್ತು. ಬಿಸಾಡಲು ಹೋದರೆ ಮಾವ ಬಿಡಲಿಲ್ಲ. ಬಾಗಿಲ ಮೇಲೆ ನಿಂಬೆಹಣ್ಣು ಮೆಣಸಿನಕಾಯಿಯ ಪಕ್ಕ ಮೊಳೆ ಹೊಡೆದು ನೇತುಹಾಕಿದರು: “ಇರ್ಲಿ ಅಕ್ಕ. ದೃಷ್ಟಿ ಹಾಕೋರು ಇದನ್ನ ನೋಡಿ ಎಲ್ಲಿಂದ ಶುರು ಮಾಡ್ಬೇಕು ಅಂತ ತಿಳೀದೆ ವಾಪಸ್ ಹೋಗ್ತಾರೆ.” ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ನಿಂಬೆಹಣ್ಣು ಎಷ್ಟೋ ಸಲ ಒಣಗಿ ಬದಲಾಯಿತು, ಗಂಟು ಈಗಲೂ ಹಾಗೇ ಇದೆ. ಹೋದ ವರ್ಷ ಹಿಂದಿನ ಬೀದಿಯಲ್ಲಿ ಮನೆ ಕಟ್ಟಿಸಿದವರು ಬಂದು, ಇದನ್ನು ಯಾವ ಸ್ವಾಮಿಗಳು ಮಂತ್ರಿಸಿ ಕೊಟ್ಟದ್ದು, ನಮಗೂ ಒಂದು ಬೇಕಿತ್ತು ಎಂದು ಕೇಳಿದರು. ಅವ್ವ, ಮಾವ ಇಬ್ಬರೂ ಒಂದೇ ಸಲ ನನ್ನ ಕಡೆ ಕೈ ತೋರಿಸಿದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಗಂಟನ್ನು ಒಬ್ಬರು ಕೇಳಿಕೊಂಡು ಬಂದಿದ್ದರು. ಸ್ನಾನ ಮಾಡಿ, ಶ್ರದ್ಧೆಯಿಂದ ಕೂತು, ಯಾವ ಕಾಲಕ್ಕೂ ಬಿಚ್ಚಬಾರದೆಂದು ಹದಿನಾಲ್ಕರ ಮೇಲೆ ಇನ್ನೂ ಎರಡು ಸೇರಿಸಿ ಹಾಕಿಕೊಟ್ಟೆ. ಮೂರನೆಯ ದಿನ ಬೆಳಿಗ್ಗೆ ಅದು ತಾನಾಗಿಯೇ ಬಿಚ್ಚಿಕೊಂಡು ಅವರ ಹೊಸ್ತಿಲ ಮೇಲೆ ಬಿದ್ದಿತ್ತಂತೆ.