ಅಮೆರಿಕದ ನೆಲ ತುಳಿಯದ ಮನುಷ್ಯ

ಎಲ್ಡನ್ ಕಾಲ್ಡರ್ ಆ ಶನಿವಾರ ಎರಡನೇ ಸಲ ಬೀನ್ಸ್ ಬಡಿಸಿಕೊಳ್ಳದೆ ಸುಮ್ಮನೆ ಮನೆಗೆ ಹೋಗಿದ್ದರೆ ಇಷ್ಟೆಲ್ಲ ರಂಪ ಆಗುತ್ತಿರಲಿಲ್ಲ.

ಕೆನಡಾದ ಟಾರ್ಬೆ ದ್ವೀಪದ ಅಗ್ನಿಶಾಮಕ ಠಾಣೆಯಲ್ಲಿ ಶನಿವಾರ ಸಂಜೆ ಊರಿನವರೆಲ್ಲ ಸೇರಿ ಉಣ್ಣುತ್ತಾರೆ. ಊಟ ಬರೀ ನೆಪ. ಅಮೆರಿಕದ ಅಧ್ಯಕ್ಷನನ್ನು ಬಯ್ಯುವುದೇ ಅಲ್ಲಿನ ಮುಖ್ಯ ಕೆಲಸ. ತಮ್ಮದೇ ಪ್ರಾಂತ್ಯ ಆಳುವವರು ಯಾರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವ ಈ ಜನ, ಅಮೆರಿಕದ ಯಾವ ರಾಜ್ಯದಲ್ಲಿ ಯಾರು ಎಷ್ಟು ಮತಗಳಿಂದ ಸೋತರು ಎಂಬುದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಅಲ್ಲಿನ ಅಧ್ಯಕ್ಷರಿಗೆಲ್ಲ ಇಲ್ಲಿ ಕೂತು ಅಂಕ ಹಾಕುತ್ತಾರೆ. ಒಬ್ಬ ಸಭ್ಯ, ಒಬ್ಬ ಪೆದ್ದ, ಒಬ್ಬನ ಹೆಂಡತಿ ಒಳ್ಳೆಯವಳು. ಈಗಿನವನು ಮಾತ್ರ ಕೆನಡಾವನ್ನೇ ನುಂಗುವ ಮಾತಾಡಿ, ಸಾಲದ್ದಕ್ಕೆ ಸುಂಕ ಬೇರೆ ಹೇರಿ, ಸೊನ್ನೆ ಅಂಕ ಗಿಟ್ಟಿಸಿದ್ದ.

ಆ ರಾತ್ರಿ ಎಲ್ಡನ್ನನ ರಕ್ತ ಕುದಿಯಿತು. ಸೌಟು ಹಿಡಿದ ಕೈಯನ್ನೇ ಮೇಲೆತ್ತಿ, "ಆ ಮನುಷ್ಯ ಆ ಕುರ್ಚಿ ಮೇಲೆ ಇರೋವರೆಗೂ ನಾನು ಅಮೆರಿಕದ ನೆಲ ತುಳಿಯಲ್ಲ!" ಎಂದು ಕೂಗಿಬಿಟ್ಟ. ಚಪ್ಪಾಳೆಯೋ ಚಪ್ಪಾಳೆ. ಅಂಗಡಿಯ ಥರ್ಸಾ ಮರುದಿನವೇ ಆ ಮಾತನ್ನು ಹಲಗೆಯ ಮೇಲೆ ಬರೆಸಿ, ಕೆಳಗೆ ಅವನ ಹೆಸರು ಹಾಕಿ, ಬಾಗಿಲ ಮೇಲೆ ಮೊಳೆ ಹೊಡೆದು ನಿಲ್ಲಿಸಿದಳು. ರೇಡಿಯೋದವರು ಬಂದು ಅವನ ದನಿ ಹಿಡಿದುಕೊಂಡು ಹೋದರು.

ಬೇರೆ ಊರಿನವನು ಹೀಗೆ ಶಪಥ ಮಾಡಿದ್ದರೆ ನಷ್ಟವೇನಿರಲಿಲ್ಲ. ಆದರೆ ಟಾರ್ಬೆಗೆ ಇರುವುದು ಒಂದೇ ಸೇತುವೆ, ಅದು ಇಳಿಯುವುದು ಅಮೆರಿಕದಲ್ಲಿ. ತಮ್ಮ ಕೆನಡಾದ ದಡ ಸೇರಬೇಕಾದರೂ ದ್ವೀಪದವರು ಅಮೆರಿಕವನ್ನು ಹಾದು, ಇನ್ನೊಂದು ಗಡಿ ದಾಟಿಯೇ ಹೋಗಬೇಕು. ಇಲ್ಲವೇ ಕಾರು ಸಾಗಿಸುವ ದೋಣಿ ಹತ್ತಬೇಕು. ಅದೋ, ಗಾಳಿ ಸ್ವಲ್ಪ ಜೋರಾಗಿ ಬೀಸಿದರೂ ಮುನಿಸಿಕೊಂಡು ದಡದಲ್ಲೇ ಕೂರುತ್ತದೆ.

ಎಲ್ಡನ್ನನ ಒಬ್ಬಳೇ ಮಗಳು ಬ್ರಿಜೆಟ್‌ಳ ಮದುವೆ ಆಚೆ, ಕೆನಡಾ ದಡದ ಸೇಂಟ್ ಆಂಡ್ರೂಸ್ ಊರಿನ ಇಗರ್ಜಿಯಲ್ಲಿ, ಮಧ್ಯಾಹ್ನ ಮೂರಕ್ಕೆ. ಅವರ ಪದ್ಧತಿಯಂತೆ ಮಗಳ ಕೈ ಹಿಡಿದು ಪಾದ್ರಿಯ ಮುಂದಕ್ಕೆ ನಡೆಸಿಕೊಂಡು ಹೋಗಬೇಕಾದವನು ಅವನು. ಅದಕ್ಕೆಂದೇ ಹೊಸ ಸೂಟು ಹೊಲಿಸಿದ್ದ, ಅಡುಗೆಮನೆಯಿಂದ ಹಜಾರಕ್ಕೆ ದಿನಾ ನಡೆದು ಅಭ್ಯಾಸ ಮಾಡಿದ್ದ. ಹೆಂಡತಿ ಮ್ಯಾವಿಸ್ ಶಪಥ ಮಾಡಿರಲಿಲ್ಲವಾದ್ದರಿಂದ ಹಿಂದಿನ ದಿನವೇ ತಮ್ಮನ ಕಾರಿನಲ್ಲಿ ಸೇತುವೆ ದಾಟಿ ಹೋಗಿದ್ದಳು. ಎಲ್ಡನ್ ಬೆಳಗಿನ ದೋಣಿಗೆ ಬರುತ್ತೇನೆಂದಿದ್ದ.

ಬೆಳಗ್ಗೆ ಎದ್ದರೆ ಗಾಳಿ ಮಾಡಿನ ಹಲಗೆ ಕೀಳುತ್ತಿತ್ತು. ದೋಣಿ ರದ್ದು.

"ಬಾಯ್ಮುಚ್ಕೊಂಡು ಕಾರ್ ತಗೊಂಡು ಸೇತುವೆ ದಾಟ್ರೀ," ಎಂದಳು ಮ್ಯಾವಿಸ್ ಫೋನಿನಲ್ಲಿ.

"ಅಲ್ವೇ, ಊರೆಲ್ಲಾ ಕೇಳೋ ಹಾಗೆ ಮಾತು ಕೊಟ್ಟಿದೀನಿ..."

"ಮಗಳಿಗೆ ಕೊಟ್ಟ ಮಾತು? ಅದನ್ನ ಯಾವ ಹಲಗೆ ಮೇಲೆ ಬರೆಸಬೇಕಿತ್ತು?" ಫೋನು ಕುಕ್ಕಿದ ಸದ್ದಾಯಿತು.

ಎಲ್ಡನ್ ಫೋನು ಕೆಳಗಿಟ್ಟ. ಹಾಳಾಗಿ ಹೋಗಲಿ ಶಪಥ ಎಂದುಕೊಂಡು ಸೂಟು ಹಾಕಿ ಕಾರು ಹತ್ತಿದ. ಕಾರು ಕೆಮ್ಮಿ ಸುಮ್ಮನಾಯಿತು. ದ್ವೀಪದವರೆಲ್ಲ ಪೆಟ್ರೋಲ್ ಹಾಕಿಸುವುದು ಸೇತುವೆಯ ಆಚೆ, ಅಮೆರಿಕದಲ್ಲಿ. ಶಪಥ ಮಾಡಿದಂದಿನಿಂದ ಅವನ ಟ್ಯಾಂಕು ಒಣಗುತ್ತಲೇ ಬಂದಿತ್ತು.

ಥರ್ಸಾಳ ಅಂಗಡಿ ಮುಂದೆ ಅವಳ ಗಂಡ ವ್ಯಾಲೇಸ್ ಆಗಷ್ಟೇ ಸೇತುವೆ ದಾಟಿ ಬಂದು, ಕಾರಿನ ಡಿಕ್ಕಿಯಿಂದ ಪೆಟ್ರೋಲ್ ಕ್ಯಾನುಗಳನ್ನು ಇಳಿಸುತ್ತಿದ್ದ.

"ವ್ಯಾಲೇಸ್, ಒಂದು ಕ್ಯಾನ್ ಕೊಡೋ ಮಾರಾಯ. ಮಗಳ ಮದುವೆ."

ವ್ಯಾಲೇಸ್ ಕ್ಯಾನನ್ನು ಮಗುವಿನಂತೆ ಎದೆಗೆ ಅವುಚಿಕೊಂಡ. "ಇದು ಅಮೆರಿಕದ ಪೆಟ್ರೋಲು ಎಲ್ಡನ್. ನಿನಗೆ ಕೊಟ್ಟರೆ ಚೆನ್ನಾಗಿರುತ್ತಾ?"

"ನೀನು ಹೋಗಿ ತಂದಿಲ್ವೇನೋ?"

"ನಾನು ಹೋಗಿದ್ದು ಪೆಟ್ರೋಲಿಗೆ ಅಷ್ಟೇ. ಅದು ಹೋದ ಲೆಕ್ಕ ಅಲ್ಲ. ಮೇಲಾಗಿ ನಾನು ಶಪಥ ಮಾಡಿಲ್ಲಪ್ಪ."

ಅಷ್ಟರಲ್ಲಿ ಥರ್ಸಾ ಹೊರಗೆ ಬಂದಳು. ಹಿಂದೆಯೇ ಕಾಫಿ ಲೋಟ ಹಿಡಿದ ಮೂರ್ನಾಲ್ಕು ಜನ. "ಸೂಟು ಹಾಕ್ಕೊಂಡು ಎಲ್ಲಿಗೆ? ಸೇತುವೆ ಕಡೆಗಾ?" ಎಂದು ಕಣ್ಣು ಅಗಲಿಸಿದಳು. "ಅಯ್ಯೋ ಎಲ್ಡನ್! ನಿನ್ನನ್ನ ನೋಡಿ ನನ್ನ ತಂಗಿ ಫ್ಲೋರಿಡಾಗೆ ಹೋಗೋದನ್ನೇ ಬಿಟ್ಟಳು. ಇಡೀ ದ್ವೀಪದ ಮರ್ಯಾದೆ ನಿನ್ನ ಕಾಲಲ್ಲಿದೆ."

"ನನ್ನ ಮಗಳ ಮದುವೆ ಕಣೇ!"

"ಅದಕ್ಕೇನು, ರಾಯ್ಸ್ ಇದ್ದಾನಲ್ಲ. ಸೀಗಡಿ ದೋಣೀಲಿ ನೆಟ್ಟಗೆ ಆಚೆ ದಡಕ್ಕೆ ಬಿಡ್ತಾನೆ."

ಎಲ್ಲರೂ ಹೌದು ಹೌದು ಎಂದರು. ದೋಣಿಯಲ್ಲಿ ಕೂರಬೇಕಾದವರು ತಾವಲ್ಲವಲ್ಲ. ಊರಿನವರ ಧೈರ್ಯ ಯಾವಾಗಲೂ ಹೀಗೇ, ಇನ್ನೊಬ್ಬನ ಚರ್ಮದ ಮೇಲೆ ಅರಳುತ್ತದೆ.

ರಾಯ್ಸ್ ಒಲ್ಲದ ಮನಸ್ಸಿನಿಂದ ದೋಣಿ ಬಿಟ್ಟ. ಬಂದರಿನ ಬಾಯಿ ದಾಟುತ್ತಲೇ ಅಲೆ ದೋಣಿಯನ್ನು ಚೆಂಡಿನಂತೆ ಎತ್ತಿ ಎತ್ತಿ ಒಗೆಯಿತು. ಎಲ್ಡನ್ನನ ಹೊಟ್ಟೆಯಲ್ಲಿದ್ದದ್ದೆಲ್ಲ ಹೊಸ ಸೂಟಿನ ಮೇಲೆ ಬಂತು. ಮೊದಲ ದೊಡ್ಡ ಅಲೆಗೆ ಕೈಯಲ್ಲಿದ್ದ ಫೋನು ಸಮುದ್ರಪಾಲಾಯಿತು. ಎರಡನೆಯದಕ್ಕೆ ಇಂಜಿನ್ ನಿಂತಿತು. ಇಳಿತದ ಸೆಳೆತ ದೋಣಿಯನ್ನು ಎಳೆದುಕೊಂಡು ಹೋಗಿ ಒಂದು ಕೆಸರು ದಡದ ಮೇಲೆ ಕೂರಿಸಿತು. ನೀರು ಹಿಂದೆ ಸರಿಯಿತು.

"ಇದ್ಯಾವ ದಡ?" ಎಂದು ಕೇಳಿದ ಎಲ್ಡನ್.

ರಾಯ್ಸ್ ತಲೆ ತಗ್ಗಿಸಿದ. "ಅಮೆರಿಕ."

ರಾಯ್ಸ್ ಇಳಿದ. ಎಲ್ಡನ್ ಇಳಿಯಲಿಲ್ಲ. ದೋಣಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತ. ಕೆಸರಿನಲ್ಲಿ ಚಿಪ್ಪು ಆರಿಸುತ್ತಿದ್ದ ಗಡ್ಡದ ಮುದುಕನೊಬ್ಬ, ಹಾಲಿಸ್ ಲಿಬ್ಬಿ ಅಂತ, ಹತ್ತಿರ ಬಂದ. ಗಡಿಯ ಅಧಿಕಾರಿಯೂ ಬಂದ.

"ಸರ್, ಇಳಿದು ಬಂದು ಪಾಸ್‌ಪೋರ್ಟ್ ತೋರಿಸಿ," ಎಂದ ಅಧಿಕಾರಿ.

"ನಾನು ಇಳಿಯಲ್ಲ. ನಿಮ್ಮ ಅಧ್ಯಕ್ಷ ಇರೋ ತನಕ ಈ ನೆಲ ತುಳಿಯಲ್ಲ."

"ಸರ್, ದೋಣಿ ಈಗಾಗಲೇ ನೆಲದ ಮೇಲೇ ಇದೆ."

"ದೋಣಿ ಶಪಥ ಮಾಡಿಲ್ಲ!"

ಲಿಬ್ಬಿ ಬುಟ್ಟಿ ಕೆಳಗಿಟ್ಟ. "ಸೂಟು ಯಾಕಪ್ಪಾ?"

"ಮಗಳ ಮದುವೆ," ಎಂದ ಎಲ್ಡನ್. "ಸೇಂಟ್ ಆಂಡ್ರೂಸ್. ಮೂರು ಗಂಟೆಗೆ. ನಾನೇ ಕೈ ಹಿಡಿದು ನಡೆಸಬೇಕು."

"ಇಳಿ ಮಗನೇ. ನನ್ನ ಗಾಡೀಲಿ ಬಿಡ್ತೀನಿ, ಮೂರಕ್ಕೆ ಮುಂಚೆ."

ಎಲ್ಡನ್ ಆ ಕೆಸರನ್ನು ನೋಡಿದ. ತಮ್ಮ ದ್ವೀಪದ ಕೆಸರಿನಂತೆಯೇ ಇತ್ತು, ಅದೇ ಬಣ್ಣ, ಅದೇ ನಾತ. ಮಗಳ ಮುಖ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ ಇಳಿದ. ಮೊಣಕಾಲವರೆಗೂ ಹೂತುಹೋಗಿ, ಅಲ್ಲಿಂದಲೇ ಪಾಸ್‌ಪೋರ್ಟ್ ಚಾಚಿದ.

ರಾಯ್ಸ್ ದೋಣಿಯ ಬಳಿಯೇ ಉಳಿದ. ಲಿಬ್ಬಿಯ ಗಾಡಿ ನೋಡಿದ ಮೇಲೆ ಎಲ್ಡನ್ನನಿಗೆ ಮತ್ತೆ ದೋಣಿಗೇ ಹೋಗೋಣ ಅನ್ನಿಸಿತು. ಪಿಕಪ್ಪಿನ ಹಿಂಭಾಗದ ಎರಡು ಮೂಲೆಯಲ್ಲೂ ಎರಡು ಬಾವುಟ, ಎರಡರ ಮೇಲೂ ಅದೇ ಅಧ್ಯಕ್ಷನ ಹೆಸರು, ಆಳೆತ್ತರದ ಅಕ್ಷರದಲ್ಲಿ. ದಾರಿಯುದ್ದಕ್ಕೂ ಅವು ಪಟಪಟ ಹೊಡೆದುಕೊಂಡವು.

"ನೀವು ನಮ್ಮ ಜೊತೆ ಸೇರಿಬಿಟ್ಟಿದ್ರೆ ಈ ಗಡಿ ಗಿಡಿ ತಾಪತ್ರಯನೇ ಇರ್ತಿರಲಿಲ್ಲ, ಅಲ್ವಾ?" ಎಂದ ಲಿಬ್ಬಿ, ಬಹಳ ವಿಶ್ವಾಸದಿಂದ. ತನ್ನ ಬುತ್ತಿಯ ಅರ್ಧ ರೊಟ್ಟಿಯನ್ನೂ ಅವನ ಕೈಗಿಟ್ಟ.

ಬೇರೆ ದಿನವಾಗಿದ್ದರೆ ಎಲ್ಡನ್ ಸೌಟು ಹುಡುಕುತ್ತಿದ್ದ. ಈಗ ರೊಟ್ಟಿ ಅಗಿಯುತ್ತ "ಹೂಂ" ಎಂದ. ಆ ಒಂದು ಹೂಂಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಊರಲ್ಲಿ ಅಷ್ಟೆಲ್ಲ ದೇಶಭಕ್ತರಿದ್ದರೂ ಒಬ್ಬನೂ ಒಂದು ಕ್ಯಾನು ಪೆಟ್ರೋಲ್ ಕೊಡಲಿಲ್ಲ. ಗಾಡಿ ಹತ್ತಿಸಿಕೊಂಡವನು ಇವನು.

ಅರ್ಧ ದಾರಿಯಲ್ಲಿ ಲಿಬ್ಬಿ ಮುಂದಕ್ಕೆ ಬಾಗಿ ನಕ್ಕ. "ನೋಡು, ಎದುರಿಗೆ ನಿಮ್ಮ ಕಡೆಯ ಕಾರುಗಳು, ಸಾಲಾಗಿ. ಬಹಿಷ್ಕಾರ ಅಂತೀರಿ, ಬರ್ತಾನೇ ಇರ್ತೀರಿ!"

ಎಲ್ಡನ್ನನ ಜೀವ ಬಾಯಿಗೆ ಬಂತು. ದ್ವೀಪದವರು ಯಾರಾದರೂ ತನ್ನನ್ನು ಈ ಬಾವುಟಗಳ ಮುಂದೆ ಕಂಡುಬಿಟ್ಟರೆ? ಗಬಕ್ಕನೆ ಸೀಟಿನ ಕೆಳಗೆ ಕುಸಿದು, ಚಿಪ್ಪಿನ ಬುಟ್ಟಿಯ ಪಕ್ಕ ತಲೆ ಹುದುಗಿಸಿಕೊಂಡ. ಕಾರುಗಳು ಒಂದರ ಹಿಂದೊಂದು ಭರ್ರೆಂದು ಹೋದವು. ಕೊನೆಯ ಸದ್ದು ಅಡಗಿದ ಮೇಲೆಯೇ ಮೇಲೆದ್ದ.

ಗಡಿ ದಾಟಿ, ಮೂರಕ್ಕೆ ಸ್ವಲ್ಪ ಮುಂಚೆ ಪಿಕಪ್ಪು ಇಗರ್ಜಿಯ ಮುಂದೆ ನಿಂತಿತು. ಎಲ್ಡನ್ ಕೂದಲು ನೀವಿಕೊಂಡು ಒಳಗೆ ಓಡಿದ. ಇಗರ್ಜಿ ಖಾಲಿ. ಒಬ್ಬ ಮುದುಕ ಬೆಂಚುಗಳ ನಡುವೆ ಕಸ ಗುಡಿಸುತ್ತಿದ್ದ.

"ಮದುವೆ... ಕಾಲ್ಡರ್ ಮದುವೆ?"

ಮುದುಕ ಅವನ ಕೆಸರಿನ ಕಾಲನ್ನು ನೋಡಿದ, ಬಾಗಿಲಾಚೆ ಹಾರುತ್ತಿದ್ದ ಬಾವುಟಗಳನ್ನು ನೋಡಿದ. ಮುಖ ಗಂಟಾಯಿತು. "ಅದು ಇಲ್ಲಿಲ್ಲ. ಟಾರ್ಬೆ ದ್ವೀಪಕ್ಕೆ ಹೋಯ್ತು. ಹುಡುಗಿ, ಹುಡುಗ, ಪಾದ್ರಿ, ನೆಂಟರು, ಎಲ್ಲಾ ಸೇತುವೆ ದಾರೀಲಿ ಹೊರಟರು."

"ಯಾಕೆ?"

"ಹುಡುಗಿಯ ಅಪ್ಪ ಒಬ್ಬ ಇದ್ದಾನಂತೆ. ಅಮೆರಿಕದ ನೆಲ ತುಳಿಯಲ್ಲ ಅಂತ ಶಪಥ ಮಾಡಿದ ಗಂಡಸು. 'ಅಪ್ಪನ ಮಾತು ಮುರಿಯೋದು ಬೇಡ, ನಾವೇ ಹೋಗೋಣ' ಅಂತ ಆ ಮಗಳು ಹಟ ಹಿಡಿದಳು." ಮುದುಕನ ಕಣ್ಣು ಒದ್ದೆಯಾಯಿತು. "ಅಂಥವರು ಇರೋದಕ್ಕೇ ಈ ದೇಶ ಉಳಿದಿದೆ. ನಿಮ್ಮ ಕಡೆಯವರಿಗೆ ಇದೆಲ್ಲಾ ಅರ್ಥ ಆಗಲ್ಲ ಬಿಡಿ."

ಎದುರಿಗೆ ಬಂದ ಆ ಕಾರುಗಳು ಯಾರವೆಂದು ಎಲ್ಡನ್ನನಿಗೆ ಆಗ ತಿಳಿಯಿತು. ಮಗಳು ಹೋಗುತ್ತಿದ್ದಾಗ ಅವನು ಬುಟ್ಟಿಯ ಪಕ್ಕ ಅಡಗಿ ಕೂತಿದ್ದ. ಇಗರ್ಜಿಯ ಫೋನು ಬೇಡಿ, ಮ್ಯಾವಿಸ್‌ಳ ನಂಬರ್ ಒತ್ತಿದ. ಎತ್ತಿದ್ದು ಮಗಳು.

"ಅಪ್ಪಾ! ಎಲ್ಲಿದೀರಾ? ದೋಣೀಲಿ ಹೊರಟ್ರಿ ಅಂತ ಥರ್ಸಾ ಆಂಟಿ ಹೇಳಿದ್ರು. ಈ ಗಾಳೀಲಿ ವಾಪಸ್ ಬಂದೇ ಬರ್ತೀರಿ ಅಂತ ನಾವೇ ಇಲ್ಲಿಗೆ ಬಂದ್ವಿ. ಊರಿಗೆ ಊರೇ ಬಂದಿದೆ ಅಪ್ಪಾ. ಪಾದ್ರಿಗಳಿಗೆ ಸಂಜೆ ಆಚೆ ಇನ್ನೊಂದು ಮದುವೆ ಇದೆಯಂತೆ, ತುಂಬಾ ಹೊತ್ತು ಕಾಯಲ್ಲ. ಎಷ್ಟೊತ್ತಿಗೆ ಬರ್ತೀರಾ?"

ಎಲ್ಡನ್ ಬಾಗಿಲಾಚೆಯ ಪಿಕಪ್ಪನ್ನು ನೋಡಿದ.

"ನೀವು ಸೇತುವೆ ದಾಟಿಬಿಟ್ರೇನೋ ಅಂತ ಅಮ್ಮ ಅಂದ್ಲು," ಮಗಳು ನಕ್ಕಳು. "ನಾನು ಜಗಳಾನೇ ಆಡಿದೆ. ಅಪ್ಪ ಸತ್ರೂ ದಾಟಲ್ಲ ಅಂದೆ. ಎಲ್ಲಿದೀರಾ ಅಪ್ಪಾ?"

ಹೊರಗೆ ಲಿಬ್ಬಿ ಹಾರ್ನ್ ಒತ್ತುತ್ತಿದ್ದ, ವಾಪಸ್ ಬಿಡಬೇಕಾ ಎಂದು ಕೈಸನ್ನೆ ಮಾಡುತ್ತಿದ್ದ.

"ಸಮುದ್ರದಲ್ಲೇ ಇದೀನಿ ಮಗಳೇ," ಎಂದ ಎಲ್ಡನ್. "ಗಾಳಿ ಬಿಡ್ತಾ ಇಲ್ಲ. ಕಾಯಬೇಡಿ. ವ್ಯಾಲೇಸ್ ಅಂಕಲ್‌ಗೆ ಹೇಳು, ಅವನು ನಡೆಸ್ಕೊಂಡು ಹೋಗ್ತಾನೆ."